ಮಗನ ರೂಮು ಬಿಡಿಸಬೇಕೇ? ಸಹವಾಸದ ವಿಷಯದಲ್ಲಿ ಬಲ್ಲವರು ಹೇಳಿ

ಗುಳೇದಗುಡ್ಡದ ತಾಯಿ (ಪ್ರಶ್ನೆ)

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಾನು ಗುಳೇದಗುಡ್ಡದವಳು, ಮನೆಯಲ್ಲೇ ಖಣದ ಕುಪ್ಪಸ ಹೊಲಿದು ಕೊಡುತ್ತೇನೆ. ನಮ್ಮ ಮಾವನವರು ಇರುವ ತನಕ ಮನೆಯಲ್ಲಿ ಕುಣಿಮಗ್ಗವಿತ್ತು, ಈಗ ಆ ಜಾಗದಲ್ಲಿ ನನ್ನ ಹೊಲಿಗೆ ಯಂತ್ರವಿದೆ. ಮಗ ಒಬ್ಬನೇ. ಐಟಿಐ ಮುಗಿಸಿ ಕಳೆದ ವರ್ಷ ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಕಾರ್ಖಾನೆ ಸೇರಿದ. ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಯಂತ್ರದ ಮೇಲೆ ಕೆಲಸ. ಇನ್ನೂ ಮೂವರು ಹುಡುಗರ ಜೊತೆ ಬಾಡಿಗೆ ರೂಮಿನಲ್ಲಿದ್ದಾನೆ. ಒಬ್ಬ ಗೋಕಾಕ ಕಡೆಯ ಲಿಂಗಾಯತರ ಹುಡುಗ, ಒಬ್ಬ ಸಿಂದಗಿಯ ಮುಸ್ಲಿಂ ಹುಡುಗ, ಇನ್ನೊಬ್ಬ ಖಾನಾಪುರದ ಮರಾಠಿ ಮಾತನಾಡುವವನು.

ಕ್ರಿಸ್ಮಸ್ಸಿಗೆ ಊರಿಗೆ ಬಂದಿದ್ದ. ರಜೆ ಮುಗಿದ ಮರುದಿನ ಬೆಳಿಗ್ಗೆ ಮನೆಯ ಕಟ್ಟೆಯ ಮೇಲೆ ಕುಳಿತು ಅವಲಕ್ಕಿ ತಿನ್ನುತ್ತಿದ್ದಾಗ ಅವನ ಮೇಲ್ವಿಚಾರಕರ ಫೋನು ಬಂತು. "ಯರಗಟ್ಟಿ ದಾಟಿದೆ ಸರ್, ಬಸ್ಸಿನಲ್ಲಿದ್ದೇನೆ, ಬರುತ್ತಿದ್ದೇನೆ" ಎಂದ. ಧ್ವನಿಯಲ್ಲಿ ಸ್ವಲ್ಪವೂ ಅಳುಕಿರಲಿಲ್ಲ. ಫೋನು ಇಟ್ಟು ಮತ್ತೆ ಅವಲಕ್ಕಿಗೆ ಕೈ ಹಾಕಿದ. ಸುಳ್ಳು ಹೇಳಿದ್ದು ಒಂದು ನೋವಾದರೆ, ಅಷ್ಟು ಸಲೀಸಾಗಿ, ಎದುರಿಗೆ ಕುಳಿತ ತಾಯಿಯ ಮುಖವನ್ನೂ ನೋಡದೆ ಹೇಳಿದ್ದು ಇನ್ನೂ ದೊಡ್ಡ ನೋವಾಯಿತು. ಇದೇ ಹುಡುಗ ತನ್ನ ವಿಶ್ವಾಸವನ್ನು ಬಹಿರಂಗವಾಗಿ ಒಪ್ಪಿಕೊಳ್ಳುವ ದೃಢೀಕರಣದ ದಿನ ಸಭೆಯ ಮುಂದೆ ನಿಂತು ಉತ್ತರ ಹೇಳುವಾಗ ಕಣ್ಣಲ್ಲಿ ನೀರು ತಂದುಕೊಂಡಿದ್ದ.

ಬೇರೆ ಬದಲಾವಣೆಗಳೂ ಇವೆ. ಮಾತಿಗೊಂದು ಬೈಗುಳ ಬರುತ್ತದೆ. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿರುತ್ತಾನೆ, ಕೈ ಮಾತ್ರ ಮೊಬೈಲಿನ ಮೇಲೆ. ಬೆಳಗಾವಿಯಲ್ಲಿ ಆರಾಧನೆಗೆ ಹೋಗುತ್ತೀಯಾ ಎಂದು ಕೇಳಿದರೆ ಪಾಳಿ ಇತ್ತು ಎನ್ನುತ್ತಾನೆ. ಐಪಿಎಲ್ ಶುರುವಾದಾಗಿನಿಂದ ಸಂಬಳ ತಿಂಗಳ ಕೊನೆಯ ತನಕ ಉಳಿಯುತ್ತಿಲ್ಲ. ಅದು ಏನೆಂದು ನೀವೇ ಊಹಿಸಬಹುದು.

ಆ ಮೂವರು ಹುಡುಗರು ಕೆಟ್ಟವರೆಂದು ನಾನು ಹೇಳಲಾರೆ. ಮಳೆಗಾಲದಲ್ಲಿ ಇವನಿಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಿದಾಗ ನಾನು ಲೋಕಾಪುರ ದಾರಿಯ ಬಸ್ ಹಿಡಿದು ಅಲ್ಲಿ ತಲುಪುವ ತನಕ ಸಿಂದಗಿಯ ಹುಡುಗ ಪಾಳಿ ಬಿಟ್ಟು ಹಾಸಿಗೆಯ ಪಕ್ಕದಲ್ಲೇ ಕುಳಿತಿದ್ದ. ಅದನ್ನು ಮರೆತರೆ ದೇವರು ಮೆಚ್ಚುವುದಿಲ್ಲ.

ಹೋದ ತಿಂಗಳು ನಮ್ಮ ಸಭಾಪಾಲಕರು ಒಂದನೆಯ ಕೊರಿಂಥ 15:33ರ ಮೇಲೆ ಪ್ರಸಂಗ ಮಾಡಿದರು. ದುಸ್ಸಹವಾಸ ಸದಾಚಾರವನ್ನು ಕೆಡಿಸುತ್ತದೆ ಎಂಬ ವಾಕ್ಯ. ಅಂದಿನಿಂದ ನಿದ್ದೆ ಸರಿಯಾಗಿಲ್ಲ. ಬೆಳಗಾವಿಯಲ್ಲೇ ನಮ್ಮವರ ಹುಡುಗರು ಇರುವ ಒಂದು ರೂಮು ಖಾಲಿ ಇದೆಯೆಂದು ಸಂಬಂಧಿಕರೊಬ್ಬರು ಹೇಳುತ್ತಿದ್ದಾರೆ. ಅಲ್ಲಿಗೆ ಸೇರಿಸಲೇ? ಮಗನಿಗೆ ಹೇಳಿದರೆ "ಯೇಸುಸ್ವಾಮಿ ಎಲ್ಲರೂ ಪಾಪಿಗಳೆಂದ ಸುಂಕದವರ ಜೊತೆ ಊಟಕ್ಕೆ ಕೂರಲಿಲ್ಲವೇ ಅವ್ವಾ?" ಎಂದು ತಿರುಗಿ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ದೇವರ ವಾಕ್ಯವನ್ನು ಬಲ್ಲವರು, ಮಕ್ಕಳನ್ನು ಬೆಳೆಸಿದವರು ದಯವಿಟ್ಟು ತಿಳಿಸಿ.

ಹಿರಿಯ, ಬಾಗಲಕೋಟೆ

ತಂಗೀ, ವಂದನೆಗಳು. ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ರೂಮು ಬಿಡಿಸಿ, ತಡ ಮಾಡಬೇಡಿ. ಸಹವಾಸದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆ ನಮ್ಮ ಹಿರಿಯರು ಕಂಡುಂಡ ಮಾತು.

ಮಗನ ಪ್ರಶ್ನೆಗೆ ಉತ್ತರ ಲೂಕನಲ್ಲೇ ಇದೆ. ಸುಂಕದವರ ಮನೆಯಲ್ಲಿ ಊಟ ಮಾಡಿದ ಯೇಸು ಸುಂಕದವನಾಗಲಿಲ್ಲ. ವೈದ್ಯನು ಬೇಕಾಗಿರುವುದು ಕ್ಷೇಮದಿಂದಿರುವವರಿಗಲ್ಲ, ರೋಗಿಗಳಿಗೆ ಎಂದು ತಾನು ಹೋದ ಕಾರಣವನ್ನು ಆತನೇ ಹೇಳಿದ. ಸುಂಕದವರ ಮುಖ್ಯಸ್ಥ ಜಕ್ಕಾಯನ ಮನೆಯಲ್ಲಿ ಬದಲಾದವನು ಜಕ್ಕಾಯ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ. ನಿಮ್ಮ ಮಗನ ರೂಮಿನಲ್ಲಿ ಯಾರು ಬದಲಾಗಿದ್ದಾರೆ ಎಂದು ಅವನನ್ನೇ ಕೇಳಿ.

ಮೊದಲನೆಯ ಕೀರ್ತನೆಯ ಮೊದಲ ವಚನ ನೋಡಿ. ಮೊದಲು ದುಷ್ಟರ ಆಲೋಚನೆಯಂತೆ ನಡೆಯುವುದು, ಆಮೇಲೆ ಪಾಪಿಗಳ ದಾರಿಯಲ್ಲಿ ನಿಲ್ಲುವುದು, ಕೊನೆಗೆ ಧರ್ಮನಿಂದಕರ ಜೊತೆ ಕುಳಿತೇಬಿಡುವುದು. ದಾವೀದನ ಮಗ ಅಮ್ನೋನನನ್ನು ನೆನಪಿಸಿಕೊಳ್ಳಿ. ಅವನ ಮನಸ್ಸಿನಲ್ಲಿ ಕೆಟ್ಟ ಆಸೆ ಇತ್ತು, ದಾರಿ ಗೊತ್ತಿರಲಿಲ್ಲ. ದಾರಿ ತೋರಿಸಿದವನು ಸ್ನೇಹಿತ ಯೋನಾದಾಬ. ರೋಗಿಯಂತೆ ಮಲಗು, ತಂದೆ ನೋಡಲು ಬಂದಾಗ ಹೀಗೆ ಕೇಳು ಎಂದು ಉಪಾಯ ಹೇಳಿಕೊಟ್ಟ. ಮಲತಂಗಿ ತಾಮಾರಳ ಬಾಳು ಹಾಳಾಯಿತು, ಎರಡು ವರ್ಷಗಳ ನಂತರ ಅವಳ ಅಣ್ಣ ಅಮ್ನೋನನನ್ನು ಕೊಲ್ಲಿಸಿದ. ಆ ಸಾವಿನ ಸುದ್ದಿ ದಾವೀದನ ಮನೆಗೆ ಮುಟ್ಟಿದಾಗ ಅದೇ ಯೋನಾದಾಬ ಅರಸನ ಪಕ್ಕದಲ್ಲಿ ನಿಂತು, ಸತ್ತವನು ಅಮ್ನೋನ ಒಬ್ಬನೇ ಎಂದು ವಿವರಿಸುತ್ತಾನೆ. ಆ ಭಾಗ ಓದುವಾಗಲೆಲ್ಲ ನನಗೆ ಮೈ ಉರಿಯುತ್ತದೆ. ಕೆಟ್ಟ ಸ್ನೇಹಿತ ನಮ್ಮ ಜೊತೆ ಬಾವಿಗೆ ಬೀಳುವುದಿಲ್ಲ.

ಇನ್ನೊಂದು ಮಾತು. ಆಲಮಟ್ಟಿಯ ಹಿನ್ನೀರಿಗಾಗಿ ಹಳೆ ಬಾಗಲಕೋಟೆಯ ಓಣಿಗಳನ್ನು ಬಿಟ್ಟು ನವನಗರಕ್ಕೆ ಬಂದವರಲ್ಲಿ ನಾನೂ ಒಬ್ಬ. ಹಳೆ ಓಣಿಯಲ್ಲಿ ಯಾರ ಮನೆಯ ಹುಡುಗ ಬೀಡಿ ಹಚ್ಚಿದರೂ ಎದುರು ಮನೆಯ ಮುದುಕಿ ಕೂಗುತ್ತಿದ್ದಳು, ಜಾತಿ ಯಾವುದೆಂದು ನೋಡುತ್ತಿರಲಿಲ್ಲ. ನವನಗರದಲ್ಲಿ ಸೆಕ್ಟರಿಗೊಬ್ಬರು ಚದುರಿದೆವು. ಮನೆಗಳು ದೊಡ್ಡವಾದವು, ನೋಡುವ ಕಣ್ಣುಗಳು ಇಲ್ಲವಾದವು. ಆ ವರ್ಷಗಳಲ್ಲಿ ಎಷ್ಟು ಹುಡುಗರು ದಾರಿ ತಪ್ಪಿದರೆಂದು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಮಗನಿಗೆ ನೋಡುವ ಕಣ್ಣು ಬೇಕು. ನಮ್ಮವರ ರೂಮಿನಲ್ಲಿ ಅದು ಸಿಗುತ್ತದೆ.

ಸೆಟ್ಟರ್, ಉದ್ಯಮಬಾಗ

ಅಕ್ಕಾ, ವಂದನೆಗಳು. ನಾನು ಉದ್ಯಮಬಾಗದಲ್ಲಿ ಸಿಎನ್‌ಸಿ ಸೆಟ್ಟರ್, ಯಂತ್ರವನ್ನು ಕೆಲಸಕ್ಕೆ ಹೊಂದಿಸಿ ಕೊಡುವವನು. ನಿಮ್ಮ ಮಗನಂಥ ಹುಡುಗರು ಪ್ರತಿ ವರ್ಷ ನನ್ನ ಕೈಕೆಳಗೆ ಕೆಲಸ ಕಲಿಯಲು ಬರುತ್ತಾರೆ. ರೂಮಿನ ಬಗ್ಗೆ ನೀವು ಕೇಳಿದ್ದೀರಿ, ಆದರೆ ಹುಡುಗ ರೂಮಿನಲ್ಲಿರುವುದು ಹೆಚ್ಚಾಗಿ ನಿದ್ದೆಗೆ. ಎಚ್ಚರವಾಗಿರುವ ಹೊತ್ತೆಲ್ಲ ಯಂತ್ರದ ಮುಂದೆ. ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಹೇಳುತ್ತೇನೆ, ತಾಯಂದಿರಿಗೆ ಅದು ಕಾಣುವುದಿಲ್ಲ.

ನಾವು ಹೈಡ್ರಾಲಿಕ್ ವಾಲ್ವಿನ ಸ್ಪೂಲ್ ಮಾಡುತ್ತೇವೆ. ಬೆರಳಿನ ಗಾತ್ರದ ಉಕ್ಕಿನ ತುಂಡು, ಅಳತೆಯೆಲ್ಲ ಮೈಕ್ರಾನ್ ಲೆಕ್ಕದಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಇಷ್ಟು ಪೀಸಿಗೆ ಒಂದರಂತೆ ತೆಗೆದು, ಎಣ್ಣೆ ಒರೆಸಿ, ಮೈಕ್ರೋಮೀಟರಿನಲ್ಲಿ ಅಳೆದು ರಿಜಿಸ್ಟರಿನಲ್ಲಿ ಬರೆಯಬೇಕು. ಹೊಸ ಹುಡುಗ ಬಂದ ಮೊದಲ ವಾರ ಹೇಳಿದ್ದಕ್ಕಿಂತ ಹೆಚ್ಚೇ ಅಳೆಯುತ್ತಾನೆ. ಬಂದ ಅಂಕಿಯನ್ನೇ ಬರೆಯುತ್ತಾನೆ. ಪಕ್ಕದ ಯಂತ್ರದವನು ಪಾಳಿ ಮುಗಿಯುವ ಹೊತ್ತಿಗೆ ಪೆನ್ನು ತೆಗೆದು ಇಡೀ ಪುಟವನ್ನು ಒಂದೇ ಸಲಕ್ಕೆ ತುಂಬಿಬಿಡುತ್ತಾನೆ. ಒಂದು ಸಾಲಿನಲ್ಲಿ ಎರಡು ಮೈಕ್ರಾನ್ ಹೆಚ್ಚು, ಇನ್ನೊಂದರಲ್ಲಿ ಒಂದು ಕಡಿಮೆ. ಎಲ್ಲ ಒಂದೇ ಅಂಕಿಯಾದರೆ ಅನುಮಾನ ಬರುತ್ತದಲ್ಲ, ಅದಕ್ಕೆ. ಪೆನ್ನಿನ ಬಣ್ಣವನ್ನೂ ನಡುವೆ ಬದಲಿಸುವವರನ್ನು ನೋಡಿದ್ದೇನೆ.

ಹೊಸ ಹುಡುಗನಿಗೆ ಸುಳ್ಳು ಬರೆ ಎಂದು ಯಾರೂ ಹೇಳುವುದಿಲ್ಲ ಅಕ್ಕಾ. "ಇನ್ನೂ ಅಳೆಯುತ್ತಿದ್ದೀಯಾ?" ಎಂದು ನಗುತ್ತಾರೆ, ಅಷ್ಟೇ. ಚಹಾಕ್ಕೆ ಎಲ್ಲರೂ ಹೊರಟಾಗ ಅವನೊಬ್ಬ ಹಿಂದೆ ಉಳಿಯುತ್ತಾನೆ. ಹತ್ತೊಂಬತ್ತು ವರ್ಷದ ಹುಡುಗ ಬೈಗುಳವನ್ನು ತಡೆದುಕೊಳ್ಳುತ್ತಾನೆ, ಒಬ್ಬನೇ ಉಳಿಯುವುದನ್ನು ತಡೆದುಕೊಳ್ಳಲಾರ. ಕೆಲವು ವಾರ ಕಳೆಯುವಷ್ಟರಲ್ಲಿ ಅವನೂ ಪುಟ ತುಂಬಲು ಕಲಿಯುತ್ತಾನೆ. ನಿಮ್ಮ ಮಗ ಯರಗಟ್ಟಿ ದಾಟಿದೆ ಎಂದು ಸಲೀಸಾಗಿ ಹೇಳಿದ್ದು ಓದಿದಾಗ ನನಗೆ ನೆನಪಾದದ್ದು ಆ ರಿಜಿಸ್ಟರು. ಕೈಗೆ ರೂಢಿಯಾದ ಸುಳ್ಳು ನಾಲಿಗೆಗೂ ಬರುತ್ತದೆ.

ಈಗ ಇನ್ನೊಂದು ಬದಿ. ನಮ್ಮ ಪಾಳಿಯಲ್ಲಿ ವಿಜಯಪುರದ ಒಬ್ಬ ಹಿರಿಯ ಆಪರೇಟರ್ ಇದ್ದಾರೆ. ಮುಸ್ಲಿಮರು, ಎಲ್ಲರೂ ಚಾಚಾ ಎನ್ನುತ್ತೇವೆ. ಅಳತೆ ತಪ್ಪಿದ ಪೀಸು ಬಂದರೆ ಕೆಂಪು ಬಣ್ಣ ಹಚ್ಚಿ ರಿಜೆಕ್ಷನ್ ಡಬ್ಬಕ್ಕೆ ಹಾಕುತ್ತಾರೆ, ರಿಜಿಸ್ಟರಿನಲ್ಲಿ ತಮ್ಮ ಹೆಸರು ಬರೆಯುತ್ತಾರೆ. ಬೇರೆಯವರು ಅಂಥ ಪೀಸನ್ನು ಲೋಹದ ಚೂರುಗಳ ಅಡಿಯಲ್ಲಿ ಹೂತು ಗುಜರಿಗೆ ಕಳಿಸುತ್ತಾರೆ. ಚಾಚಾ ಪಕ್ಕದ ಯಂತ್ರಕ್ಕೆ ಹಾಕಿದ ಹುಡುಗರು ಬೇರೆಯಾಗಿ ತಯಾರಾಗುತ್ತಾರೆ. ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ, ಆದ್ದರಿಂದ ಒಳ್ಳೆಯ ಹುಡುಗ ಬಂದರೆ ಬೇಕೆಂದೇ ಅವರ ಪಕ್ಕದಲ್ಲಿ ನಿಲ್ಲಿಸುತ್ತೇನೆ. ಅವರು ಯಾರಿಗೂ ಉಪದೇಶ ಮಾಡುವುದಿಲ್ಲ. ಸುಮ್ಮನೆ ಅಳೆಯುತ್ತಾರೆ, ಇದ್ದದ್ದನ್ನು ಬರೆಯುತ್ತಾರೆ.

ಬಾಗಲಕೋಟೆಯ ಹಿರಿಯರ ಮಾತಿಗೆ ಗೌರವವಿದೆ. ಆದರೆ ನಮ್ಮವರ ರೂಮು ಎಂದಾಕ್ಷಣ ನೆಮ್ಮದಿ ಎನ್ನಲಾರೆ. ನನಗೆ ಗೊತ್ತಿರುವ ಒಂದು ರೂಮಿನಲ್ಲಿ ಎಲ್ಲರೂ ಕ್ರೈಸ್ತ ಹುಡುಗರೇ. ಐಪಿಎಲ್ ಬೆಟ್ಟಿಂಗಿನ ಹಣ ಅಲ್ಲಿ ಸೇರುತ್ತಿತ್ತು, ಲೆಕ್ಕ ಇಡುತ್ತಿದ್ದವನು ಸಭೆಯ ಗಾಯನ ತಂಡದಲ್ಲಿ ಗಿಟಾರ್ ನುಡಿಸುವವನು. ಭಾನುವಾರ ಬೆಳಿಗ್ಗೆ ವೇದಿಕೆಯ ಮೇಲೆ ಅವನು ಕಣ್ಣು ಮುಚ್ಚಿ ಹಾಡುವುದನ್ನು ನೋಡಿ ಹೊಸ ಹುಡುಗರಿಗೆ ಎರಡೂ ಒಟ್ಟಿಗೆ ನಡೆಯುತ್ತವೆ ಎಂದು ಮನದಟ್ಟಾಗುತ್ತಿತ್ತು. ಗೋಕಾಕದ ಹುಡುಗ ಬೆಟ್ಟಿಂಗ್ ಕಟ್ಟಿದರೆ ನಿಮ್ಮ ಮಗನಿಗೆ ಅದು ತಪ್ಪೆಂದು ಗೊತ್ತಿರುತ್ತದೆ. ಸಭೆಯ ಹುಡುಗ ಕಟ್ಟಿದರೆ ಆ ತಿಳಿವಳಿಕೆಯೇ ಸಡಿಲವಾಗುತ್ತದೆ.

ಒಂದು ಕೆಲಸ ಮಾಡಿ ಅಕ್ಕಾ. ರೂಮಿನಲ್ಲಿ ಯಾರಿದ್ದಾರೆ ಎಂದು ಕೇಳಬೇಡಿ, ಅದು ನಿಮಗೆ ಗೊತ್ತೇ ಇದೆ. ರಾತ್ರಿ ಪಾಳಿಯಲ್ಲಿ ಪಕ್ಕದ ಯಂತ್ರದ ಮೇಲೆ ಯಾರಿರುತ್ತಾರೆ, ಚಹಾಕ್ಕೆ ಯಾರ ಜೊತೆ ಹೋಗುತ್ತಾನೆ, ಮೊಬೈಲಿನಲ್ಲಿ ಯಾವ ಗುಂಪಿನ ಸಂದೇಶ ಮೊದಲು ತೆರೆಯುತ್ತಾನೆ ಎಂದು ಕೇಳಿ.

ನಿವೃತ್ತ ಶಿಕ್ಷಕಿ, ವಿಜಯಪುರ

ಪ್ರೀತಿಯ ತಂಗಿಗೆ ವಂದನೆಗಳು. ಉದ್ಯಮಬಾಗದ ತಮ್ಮ ಬರೆದದ್ದನ್ನು ಎರಡು ಸಲ ಓದಿದೆ. ಬಾಗಲಕೋಟೆಯ ಅಣ್ಣನವರ ಕಳಕಳಿಯೂ ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ನಿದ್ದೆ ಕೆಡಿಸಿದ ಆ ವಾಕ್ಯವನ್ನು ಅದು ಇರುವ ಅಧ್ಯಾಯದಲ್ಲೇ ಇಟ್ಟು ಓದೋಣ.

ಕೊರಿಂಥದ ಆ ಹದಿನೈದನೆಯ ಅಧ್ಯಾಯ ಪುನರುತ್ಥಾನದ ಅಧ್ಯಾಯ. ಸತ್ತವರಿಗೆ ಪುನರುತ್ಥಾನವೇ ಇಲ್ಲ ಎಂದು ನಿಮ್ಮಲ್ಲಿ ಕೆಲವರು ಹೇಳುವುದು ಹೇಗೆ ಎಂದು ಆ ಪತ್ರಿಕೆ ಬರೆದ ಪೌಲ 12ನೆಯ ವಚನದಲ್ಲಿ ಕೇಳುತ್ತಾನೆ. "ನಿಮ್ಮಲ್ಲಿ" ಎಂದರೆ ಸಭೆಯಲ್ಲಿ. ಸತ್ತವರು ಏಳುವುದಿಲ್ಲವಾದರೆ ತಿನ್ನೋಣ, ಕುಡಿಯೋಣ, ನಾಳೆ ಸಾಯುತ್ತೇವಲ್ಲ ಎಂದು ಬದುಕುವುದೇ ಸರಿಯಾಗುತ್ತದೆ ಎಂದ ಮರುಕ್ಷಣ, ಮೋಸಹೋಗಬೇಡಿ ಎಂದು ಎಚ್ಚರಿಸುತ್ತಾನೆ. ಅವನು ಬೊಟ್ಟು ಮಾಡಿದ ದುಸ್ಸಹವಾಸ ಬೀದಿಯಲ್ಲಿರಲಿಲ್ಲ. ಅವರ ಜೊತೆ ರೊಟ್ಟಿ ಮುರಿಯುವವರಲ್ಲೇ ಇತ್ತು, ನಾಳೆಯ ಲೆಕ್ಕವನ್ನು ಯಾರಿಗೂ ಒಪ್ಪಿಸಬೇಕಿಲ್ಲ ಎಂಬಂತೆ ಬದುಕುವವರಲ್ಲಿ ಇತ್ತು. ಆ ಸಾಲು ಕೂಡ ಗ್ರೀಕ್ ನಾಟಕಕಾರ ಮೆನಾಂಡರನದು ಎಂದು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ದೇವರನ್ನು ಅರಿಯದ ಊರಿನಲ್ಲಿ ಎಲ್ಲರ ಬಾಯಲ್ಲಿದ್ದ ಮಾತನ್ನೇ ಪೌಲ ಸಭೆಯ ಕಿವಿಗೆ ಹಾಕುತ್ತಾನೆ. ಹೊರಗಿನವರಿಂದ ಒಳ್ಳೆಯದನ್ನು ಕೇಳಲು ಅವನಿಗೆ ಮುಜುಗರವಿರಲಿಲ್ಲ. ಚಾಚಾನ ಪಕ್ಕದಲ್ಲಿ ಹುಡುಗರನ್ನು ನಿಲ್ಲಿಸುವ ತಮ್ಮನಿಗೂ ಇಲ್ಲ.

ಅದೇ ಪತ್ರಿಕೆಯ ಐದನೆಯ ಅಧ್ಯಾಯ, 9ರಿಂದ 11ರ ತನಕ ಓದಿ. ಜಾರರ ಸಹವಾಸ ಮಾಡಬೇಡಿ ಎಂದು ಬರೆದಿದ್ದೆ, ಆದರೆ ಈ ಲೋಕದ ಜಾರರನ್ನು, ಲೋಭಿಗಳನ್ನು, ಸುಲಿಗೆ ಮಾಡುವವರನ್ನು ಪೂರ್ತಿಯಾಗಿ ಬಿಟ್ಟುಬಿಡಿ ಎಂಬ ಅರ್ಥದಲ್ಲಲ್ಲ, ಹಾಗಾದರೆ ನೀವು ಲೋಕವನ್ನೇ ಬಿಟ್ಟು ಹೋಗಬೇಕಾಗುತ್ತದೆ ಎನ್ನುತ್ತಾನೆ. ಸಹೋದರ ಎನಿಸಿಕೊಂಡು ಹಾಗೆ ಬದುಕುವವನ ಜೊತೆ ಊಟವನ್ನೂ ಮಾಡಬೇಡಿ ಎನ್ನುತ್ತಾನೆ. ನಾವು ಇದನ್ನು ಎಷ್ಟು ಸುಲಭವಾಗಿ ತಲೆಕೆಳಗು ಮಾಡುತ್ತೇವೆ! ಸಿಂದಗಿಯ ಹುಡುಗನ ಬಗ್ಗೆ ಚಿಂತಿಸುತ್ತೇವೆ, ಗಿಟಾರ್ ನುಡಿಸುವವನ ಬಗ್ಗೆ ಹೆಮ್ಮೆಪಡುತ್ತೇವೆ.

ಗಲಾತ್ಯ ಎರಡನೆಯ ಅಧ್ಯಾಯ ಇನ್ನೂ ತೀಕ್ಷ್ಣವಾಗಿದೆ. ಯೇಸುವಿನ ಶಿಷ್ಯ ಪೇತ್ರ ಅಂತಿಯೋಕ್ಯದಲ್ಲಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ ಜೊತೆ ಕೂಡಿ ಊಟ ಮಾಡುತ್ತಿದ್ದ. ಅಷ್ಟು ದಿನ ಅವನು ಸುವಾರ್ತೆಗೆ ತಕ್ಕಂತೆ ನಡೆಯುತ್ತಿದ್ದ. ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ ಕಡೆಯಿಂದ ಕೆಲವರು ಬಂದರು. ಯೆರೂಸಲೇಮಿನ ಭಕ್ತರು, ಧರ್ಮಶಾಸ್ತ್ರವನ್ನು ಬಿಡದೆ ಪಾಲಿಸುವವರು. ಅವರಿಗೆ ಹೆದರಿ ಪೇತ್ರ ಮೆಲ್ಲಗೆ ಊಟದ ಪಂಕ್ತಿಯಿಂದ ಹಿಂದೆ ಸರಿದ. ಉಳಿದ ಯೆಹೂದ್ಯರೂ ಅವನ ಹಿಂದೆ ಸರಿದರು, ಕೊನೆಗೆ ಪೌಲನ ಜೊತೆಗಾರ ಬಾರ್ನಬನೂ ಆ ಕಪಟಕ್ಕೆ ಸೆಳೆಯಲ್ಪಟ್ಟ. ಒಬ್ಬ ಅಪೊಸ್ತಲನನ್ನು ಕಪಟಕ್ಕೆ ತಳ್ಳಿದ್ದು ಕುಡುಕರ ಗುಂಪಲ್ಲ, ದೈವಭಕ್ತರ ಗುಂಪು. ಪೌಲ ಅವನನ್ನು ಎಲ್ಲರ ಮುಂದೆ, ಮುಖಾಮುಖಿಯಾಗಿ ತಡೆದ.

ತರಗತಿಯಲ್ಲಿ ಮಕ್ಕಳ ನಡುವೆಯೇ ಜೀವನ ಕಳೆದವಳು ನಾನು. ಹುಡುಗನ ಗುಣ ಅವನ ಪಕ್ಕದಲ್ಲಿ ಯಾರು ಕುಳಿತಿದ್ದಾರೆ ಎಂಬುದರಿಂದ ಅಷ್ಟಾಗಿ ತಿಳಿಯುವುದಿಲ್ಲ. ಯಾರ ಮೆಚ್ಚುಗೆಗಾಗಿ ಕೈ ಎತ್ತುತ್ತಾನೆ, ಯಾರು ನಕ್ಕರೆ ಕೈ ಇಳಿಸುತ್ತಾನೆ ಎಂಬುದರಿಂದ ತಿಳಿಯುತ್ತದೆ. ಪೇತ್ರ ಕೈ ಇಳಿಸಿದ್ದು ಯೆರೂಸಲೇಮಿನವರನ್ನು ಕಂಡು. ಹೊಸ ಆಪರೇಟರ್ ಕೈ ಇಳಿಸುವುದು ಚಹಾದ ಗುಂಪು ನಕ್ಕಾಗ. ನಿಮ್ಮ ಮಗ ಕಟ್ಟೆಯ ಮೇಲೆ ನಿಮ್ಮ ಎದುರಿಗೇ ಸುಳ್ಳು ಹೇಳಿದನಲ್ಲ, ಆ ಹೊತ್ತಿನಲ್ಲಿ ನೀವು ಅವನ ಪಾಲಿಗೆ ಅಲ್ಲಿರಲೇ ಇಲ್ಲ. ಫೋನಿನ ಆ ಬದಿಯವರು ಮಾತ್ರ ಇದ್ದರು. ತಾಯಿಯಾದವಳಿಗೆ ಇದು ಕಹಿ ಮಾತು ಎಂದು ಗೊತ್ತು. ರೂಮು ಬದಲಿಸಿದರೆ ಪಕ್ಕದ ಹಾಸಿಗೆ ಬದಲಾಗುತ್ತದೆ. ಮೆಚ್ಚಿಸಬೇಕಾದವರು ಅವರೇ ಉಳಿದರೆ ಏನು ಬಂತು?

ಬಾಗಲಕೋಟೆಯ ಅಣ್ಣನವರು ಹೇಳಿದ ನೋಡುವ ಕಣ್ಣಿನ ಮಾತು ಬಹಳ ದೊಡ್ಡ ಮಾತು. ನಿಮ್ಮ ಗುಳೇದಗುಡ್ಡಕ್ಕೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ ಬಂದದ್ದು 1851ರಲ್ಲಿ. ಆ ಕಾಲದಲ್ಲಿ ಕ್ರಿಸ್ತನನ್ನು ಒಪ್ಪಿಕೊಂಡವರನ್ನು ಜಾತಿಯವರು ಹೊರಗೆ ಹಾಕುತ್ತಿದ್ದರು. ಬಾವಿಯ ನೀರೂ ಇಲ್ಲ, ಕೆಲಸವೂ ಇಲ್ಲ. ಆದ್ದರಿಂದ ಮಿಶನ್ನಿನವರು ಅವರೆಲ್ಲ ಒಟ್ಟಿಗೆ ವಾಸಿಸಲು ಕಾಂಪೌಂಡುಗಳನ್ನು ಕಟ್ಟಿದರು, ಕರಾವಳಿಯಲ್ಲಿ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳನ್ನು ಶುರು ಮಾಡಿದರು. ಮನೆ, ಶಾಲೆ, ದುಡಿಮೆ, ಪ್ರಾರ್ಥನೆ ಎಲ್ಲ ಒಂದೇ ಗಂಟೆಯ ಸದ್ದಿಗೆ ನಡೆಯುತ್ತಿತ್ತು. ನಮ್ಮ ಅಜ್ಜಿಯರು ಅದರೊಳಗೇ ಬೆಳೆದು ಗಟ್ಟಿಯಾದರು. ಕಾಂಪೌಂಡಿಗೂ ತನ್ನ ಕೇಡು ಇತ್ತು, ಒಬ್ಬರ ಮುಂದೆ ಒಬ್ಬರು ಭಕ್ತಿ ತೋರಿಸಿಕೊಳ್ಳುವ ಚಟ ಅಲ್ಲೇ ಬೆಳೆಯಿತು. ಈಗ ಕಾಂಪೌಂಡು ಹೋಗಿದೆ, ಮಕ್ಕಳು ಉದ್ಯಮಬಾಗಕ್ಕೆ, ಪುಣೆಗೆ, ಬೆಂಗಳೂರಿಗೆ ಹೋಗುತ್ತಾರೆ. ಸಭೆ ಅವರ ಹೆಸರನ್ನು ಚಂದಾ ಪುಸ್ತಕದಲ್ಲಿ ಉಳಿಸಿಕೊಂಡು ಅವರನ್ನು ಮರೆಯುತ್ತದೆ. ನನಗೆ ಕೋಪ ಬರುವುದು ಇಲ್ಲಿ. ನಿಮ್ಮ ಮಗ ಬೆಳಗಾವಿಗೆ ಹೋದ ಮೇಲೆ ಅಲ್ಲಿನ ಯಾವುದಾದರೂ ಸಭೆಗೆ ಒಂದು ಪರಿಚಯದ ಚೀಟಿಯಾದರೂ ಹೋಯಿತೇ? ಮರಾಠಿ, ಕೊಂಕಣಿ, ಇಂಗ್ಲಿಷ್ ಆರಾಧನೆಗಳೂ ಇರುವ ಊರಿನಲ್ಲಿ ಕನ್ನಡದ ಹುಡುಗನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದವರು ಯಾರಾದರೂ ಇದ್ದರೇ?

ಬಾರ್ನಬ ಸೌಲನನ್ನು, ಅಂದರೆ ಇದೇ ಪೌಲನನ್ನು, ಹುಡುಕಿಕೊಂಡು ತಾರ್ಸಕ್ಕೆ ಹೋದ ಎಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಹುಡುಕಿ, ಕಂಡುಹಿಡಿದು, ಜೊತೆಗೆ ಕರೆತಂದು, ಒಂದು ವರ್ಷ ಪೂರ್ತಿ ಅಂತಿಯೋಕ್ಯದಲ್ಲಿ ಕೂಡಿ ಕೆಲಸ ಮಾಡಿದ. ಮುಂದೆ ಅವರ ಸೇವೆಯ ಪ್ರಯಾಣದ ಸಹಾಯಕ ಮಾರ್ಕ ಅರ್ಧ ದಾರಿಯಲ್ಲಿ ಬಿಟ್ಟುಹೋದಾಗ, ಪೌಲ ಬೇಡವೆಂದರೂ ಬಾರ್ನಬ ಅವನನ್ನು ಕೈಬಿಡಲಿಲ್ಲ. ಕೊನೆಗಾಲದಲ್ಲಿ ಪೌಲನೇ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು ಎಂದು ತಿಮೊಥೆಯನಿಗೆ ಬರೆದ. ನಿಮ್ಮ ಮಗನಿಗೆ ಬೇಕಾದದ್ದು ಅಂಥ ಒಬ್ಬ ವ್ಯಕ್ತಿ. ಅವನು ಗೌರವಿಸುವ, ಅವನ ಕೆಲಸ ಗೊತ್ತಿರುವ, ಬೆಟ್ಟಿಂಗಿನ ವಿಷಯವನ್ನು ಕಣ್ಣಿಗೆ ಕಣ್ಣು ಕೊಟ್ಟು ಕೇಳಬಲ್ಲ ಒಬ್ಬ. ಇಬ್ರಿಯ ಪತ್ರಿಕೆಯಲ್ಲಿ ಪ್ರತಿನಿತ್ಯವೂ ಒಬ್ಬರನ್ನೊಬ್ಬರು ಎಚ್ಚರಿಸಿ, ಪಾಪ ಮೋಸಗೊಳಿಸಿ ಯಾರ ಮನಸ್ಸನ್ನೂ ಕಠಿಣ ಮಾಡದಂತೆ ನೋಡಿಕೊಳ್ಳಿ ಎಂದಿದೆ. ಭಾನುವಾರಕ್ಕೊಮ್ಮೆ ಎಂದಿಲ್ಲ.

ಬೆಟ್ಟಿಂಗಿನ ಗುಂಪನ್ನು ಮಾತ್ರ ಬಿಡಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕೋಪಿಷ್ಠನ ಗೆಳೆತನ ಬೇಡ, ಅವನ ನಡತೆಯನ್ನು ಕಲಿತುಕೊಂಡು ಉರುಲಿಗೆ ಸಿಕ್ಕಿಕೊಳ್ಳುವೆ ಎಂದು ಜ್ಞಾನೋಕ್ತಿ ಎಚ್ಚರಿಸುತ್ತದೆ. ಕೆಲವು ಸಹವಾಸಗಳನ್ನು ತಿದ್ದುತ್ತ ಕೂರಲು ಆಗುವುದಿಲ್ಲ, ಕತ್ತರಿಸಬೇಕು. ಹಣದ ಜೂಜು ಅಂಥದ್ದು.

ಗುಳೇದಗುಡ್ಡದ ತಾಯಿ

ಎಲ್ಲರ ಉತ್ತರಗಳಿಗೂ ಕೃತಜ್ಞತೆಗಳು. ಶಿಕ್ಷಕಿ ಅಕ್ಕನವರ ಮಾತು ಓದಿ ಸ್ವಲ್ಪ ಹೊತ್ತು ಹೊಲಿಗೆ ನಿಲ್ಲಿಸಿ ಕುಳಿತೆ. ಕಟ್ಟೆಯ ಮೇಲೆ ನೀವು ಅಲ್ಲಿರಲೇ ಇಲ್ಲ ಎಂದಿರಲ್ಲ, ನನಗೆ ನೋವಾಗಿದ್ದು ಅದೇ. ಆದರೆ ಅದಕ್ಕೆ ಹೀಗೆ ಮಾತು ಕೊಡಲು ನನಗೆ ಬಂದಿರಲಿಲ್ಲ.

ನಿನ್ನೆ ರಾತ್ರಿ ಮಗನಿಗೆ ಫೋನು ಮಾಡಿ ತಮ್ಮ ಹೇಳಿದಂತೆಯೇ ಕೇಳಿದೆ: ಪಕ್ಕದ ಯಂತ್ರದ ಮೇಲೆ ಯಾರಿರುತ್ತಾರೆ? ಮೊದಲು ಆಶ್ಚರ್ಯಪಟ್ಟ. ರೂಮಿನವರ ಬಗ್ಗೆ ಕೇಳಿದಾಗಲೆಲ್ಲ ಸಿಡುಕುತ್ತಿದ್ದವನು ಈ ಪ್ರಶ್ನೆಗೆ ಬಹಳ ಹೊತ್ತು ಮಾತನಾಡಿದ. ರಿಜಿಸ್ಟರಿನ ಮಾತು ನಾನು ಎತ್ತುವ ಮೊದಲೇ ಅವನ ಬಾಯಿಂದ ಬಂತು. ಪಾಳಿಯಲ್ಲಿ ಎಲ್ಲರೂ ಹಾಗೇ ತುಂಬುತ್ತಾರಂತೆ, ಮೇಲ್ವಿಚಾರಕರಿಗೂ ಗೊತ್ತಂತೆ. ಯರಗಟ್ಟಿಯ ಮಾತು ತೆಗೆದೆ. "ಅವ್ವಾ, ನಿಜ ಹೇಳಿದರೆ ಅಲ್ಲಿ ಯಾರೂ ನಂಬುವುದಿಲ್ಲ" ಎಂದ. ನಾನು ನಂಬುತ್ತಿದ್ದೆನಲ್ಲ ಎಂದೆ. ಅದಕ್ಕೆ ಏನೂ ಹೇಳಲಿಲ್ಲ.

ಬೆಟ್ಟಿಂಗ್ ಕಟ್ಟುವುದು ನಿಜ. ಸಾಲವೂ ಇದೆ. ಎಷ್ಟು, ಯಾರಿಗೆ ಎಂದು ಕೇಳಿದರೆ ಹೇಳುತ್ತಿಲ್ಲ. ರೂಮಿನವರಲ್ಲಿ ಅದನ್ನು ಆಡುವವನು ಖಾನಾಪುರದವನೊಬ್ಬನೇ, ಗೋಕಾಕದ ಹುಡುಗ ಇದೇ ಕಾರಣಕ್ಕೆ ಇಬ್ಬರ ಮೇಲೂ ಕೋಪಗೊಂಡಿದ್ದಾನಂತೆ. ಇದು ನನಗೆ ಗೊತ್ತೇ ಇರಲಿಲ್ಲ. ಸಂಬಂಧಿಕರು ಹೇಳಿದ ನಮ್ಮವರ ರೂಮಿನ ಬಗ್ಗೆಯೂ ವಿಚಾರಿಸಿದೆ. "ಅಲ್ಲಿ ಹೋದರೆ ಇನ್ನೂ ಹೆಚ್ಚು ಆಡಬೇಕಾಗುತ್ತದೆ" ಎಂದುಬಿಟ್ಟ. ತಮಾಷೆಗೆ ಹೇಳಿದನೋ ನಿಜವೋ ತಿಳಿಯಲಿಲ್ಲ.

ಸದ್ಯಕ್ಕೆ ರೂಮು ಬಿಡಿಸುವುದಿಲ್ಲ. ನಾನೇ ಬೆಳಗಾವಿಗೆ ಹೋಗುತ್ತೇನೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ನಾಲ್ವರಿಗೂ ಸಾಕಾಗುವಷ್ಟು ಒಯ್ಯುತ್ತೇನೆ, ಗೋಕಾಕದ ಹುಡುಗನ ಹತ್ತಿರ ಕುಳಿತು ಮಾತನಾಡಬೇಕು. ಉದ್ಯಮಬಾಗದ ತಮ್ಮನವರು ಒಂದು ಸಲ ನನ್ನ ಮಗನನ್ನು ಭೇಟಿಯಾಗುವಿರಾ? ಅವನಿಗೆ ಹೇಳಿದ್ದೇನೆ. ಬೇಡ ಎನ್ನಲಿಲ್ಲ.

ಹಿರಿಯ, ಬಾಗಲಕೋಟೆ

ತಂಗೀ, ಹೋಗಿ ಬನ್ನಿ. ಶಿಕ್ಷಕಿ ತಂಗಿಯವರು ಐದನೆಯ ಅಧ್ಯಾಯವನ್ನು ತೋರಿಸಿದ್ದು ಸರಿಯಾಗಿದೆ, ಒಪ್ಪುತ್ತೇನೆ. ಆದರೂ ಎಳೆಯ ವಯಸ್ಸಿನ ಹುಡುಗನಿಗೆ ದೂರ ಇರುವುದೂ ಒಂದು ರಕ್ಷಣೆ ಎಂಬ ನನ್ನ ಮಾತನ್ನು ನಾನು ಬಿಡುವುದಿಲ್ಲ. ಒಡೆಯ ಪೋಟೀಫರನ ಹೆಂಡತಿ ಬಟ್ಟೆ ಹಿಡಿದು ಪಾಪಕ್ಕೆ ಕರೆದಾಗ ಯೋಸೇಫ ವಾದ ಮಾಡುತ್ತ ನಿಲ್ಲಲಿಲ್ಲ, ಬಟ್ಟೆ ಬಿಟ್ಟು ಓಡಿಹೋದ.

ಸಾಲದ ವಿಷಯ ಮೊದಲು ನೋಡಿ. ಸಾಲ ಇರುವ ತನಕ ಆ ಗುಂಪು ಅವನನ್ನು ಬಿಡುವುದಿಲ್ಲ, ಅವನು ಬಿಟ್ಟರೂ ಅವರು ಬಿಡುವುದಿಲ್ಲ. ತೀರಿಸುವುದಾದರೆ ಹಣವನ್ನು ಅವನ ಕೈಗೆ ಕೊಡಬೇಡಿ, ಜೊತೆಗೆ ಹೋಗಿ ಕೊಡಿ. ಗೋಕಾಕದ ಹುಡುಗನ ಕೋಪದ ಬಗ್ಗೆ ಓದಿ ಸಂತೋಷವಾಯಿತು. ಅವನಿಗೆ ನನ್ನ ಪರವಾಗಿಯೂ ಒಂದು ಮಾತು ಹೇಳಿ.

ಸೆಟ್ಟರ್, ಉದ್ಯಮಬಾಗ

ಖಂಡಿತ ಭೇಟಿಯಾಗುತ್ತೇನೆ ಅಕ್ಕಾ. ಹೊರಡುವ ಹಿಂದಿನ ದಿನ ಇಲ್ಲಿ ಒಂದು ಸಂದೇಶ ಹಾಕಿ, ನನ್ನ ಫೋನು ಸಂಖ್ಯೆಯನ್ನು ನಿಮಗೊಬ್ಬರಿಗೇ ಕಳಿಸುತ್ತೇನೆ. ಈ ವಾರ ನನಗೆ ಮೊದಲ ಪಾಳಿ, ಮಧ್ಯಾಹ್ನದ ನಂತರ ಬಿಡುವಿದೆ. ಮೊದಲ ಭೇಟಿಯಲ್ಲೇ ಸಭೆಗೆ ಬಾ ಎನ್ನುವುದಿಲ್ಲ, ಕೆಲಸದ ಮಾತಿನಿಂದ ಶುರು ಮಾಡುತ್ತೇನೆ. ಅವನ ಯಂತ್ರ ಯಾವುದು, ಯಾವ ಪೀಸು ಮಾಡುತ್ತಾನೆ, ಅಳತೆ ಎಲ್ಲಿ ತಪ್ಪುತ್ತದೆ ಎಂದು ಕೇಳುತ್ತೇನೆ. ಸರಿಯಾಗಿ ಸೆಟ್ಟಿಂಗ್ ಮಾಡಲು ಬಂದರೆ ಪೀಸು ತಪ್ಪುವುದು ಕಡಿಮೆಯಾಗುತ್ತದೆ, ಸುಳ್ಳು ಅಂಕಿ ಬರೆಯುವ ಅಗತ್ಯವೂ ಅಷ್ಟು ಕಡಿಮೆ. ಅದನ್ನು ನಾನು ಕಲಿಸಬಲ್ಲೆ. ಅವನು ಒಪ್ಪಿದರೆ ಮುಂದಿನ ಭಾನುವಾರ ನನ್ನ ಗಾಡಿಯಲ್ಲೇ ಕನ್ನಡ ಆರಾಧನೆಗೆ ಹೋಗುತ್ತೇವೆ, ಆಮೇಲೆ ನಮ್ಮ ಮನೆಯಲ್ಲಿ ಊಟ.

ಸಾಲದ ಮಾತನ್ನು ನಾನಾಗಿ ಎತ್ತುವುದಿಲ್ಲ. ಅದನ್ನು ಅವನೇ ನಿಮಗೆ ಹೇಳಬೇಕು. ನೀವು ಬಂದಾಗ ರೂಮಿನಲ್ಲಿ ಎಲ್ಲರ ಮುಂದೆ ಕೇಳಬೇಡಿ, ಹೊರಗೆ ಕರೆದುಕೊಂಡು ಹೋಗಿ ಕೇಳಿ.